ಹಲಗೆಯ ಆಚೆ ಬದಿ

ಗೋಣಿಚೀಲಕ್ಕೆ ತೇಪೆ ಹಾಕುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ನಡುವೆ ಒಂದು ಉದ್ದನೆಯ ಹಲಗೆ ಬೇಕು. ಹಲಗೆಯ ಈಚೆ ಒಬ್ಬರು, ಆಚೆ ಒಬ್ಬರು ಎದುರುಬದುರಾಗಿ ಕೂರಬೇಕು. ಹರಿದ ಚೀಲವನ್ನು ಹಲಗೆಯ ಮೇಲೆ ಹಾಸಿ, ಇಬ್ಬರೂ ತಮ್ಮ ತಮ್ಮ ಕಡೆಯ ಅಂಚನ್ನು ಮೊಣಕಾಲಿನ ಕೆಳಗೆ ಸಿಕ್ಕಿಸಿಕೊಂಡು ಬಿಗಿಯಾಗಿ ಎಳೆದು ಹಿಡಿದರೆ ಮಾತ್ರ ದಬ್ಬಣ ನೇರವಾಗಿ ಹೋಗುತ್ತದೆ, ಸುತಳಿ ಸಮನಾಗಿ ಕೂರುತ್ತದೆ. ಒಂದು ಕಡೆ ಸಡಿಲವಾದರೂ ತೇಪೆ ಮುದುರಿಕೊಳ್ಳುತ್ತದೆ. ಮುದುರಿದ ಕಡೆಯಿಂದ ಕಾಳು ಸೋರುತ್ತದೆ. ಸೋರಿದ ಚೀಲ ಉಗ್ರಾಣದಿಂದ ಬೈಗುಳದ ಜೊತೆಗೆ ವಾಪಸು ಬರುತ್ತದೆ.

ಉಗ್ರಾಣದ ಹಿಂದಿನ ಸಾಲುಮನೆಗಳಲ್ಲಿ ಎಲ್ಲರದ್ದೂ ಇದೇ ಕೆಲಸ. ಗಂಡಸರು ಚೀಲ ಹೊರುತ್ತಾರೆ, ಹೆಂಗಸರು ಚೀಲ ಹೊಲಿಯುತ್ತಾರೆ. ಕೊನೆಯ ಮನೆಯಲ್ಲಿ ಹಗಲೆಲ್ಲ ತಾಯಿ ಮತ್ತು ಚಿಕ್ಕ ಮಗಳು ಎದುರುಬದುರು ಕೂರುತ್ತಿದ್ದರು. ಸಂಜೆ ತಾಯಿ ಒಲೆಯ ಕಡೆಗೆ ಎದ್ದರೆ, ಪಕ್ಕದೂರಿನ ದೊಡ್ಡ ಶಾಲೆಯಿಂದ ಬಂದ ದೊಡ್ಡ ಮಗಳು ಅವಳ ಜಾಗದಲ್ಲಿ ಕೂರುತ್ತಿದ್ದಳು. ಚಿಕ್ಕವಳ ಜಾಗ ಮಾತ್ರ ಬದಲಾಗುತ್ತಿರಲಿಲ್ಲ. ಅವಳದ್ದು ಯಾವಾಗಲೂ ಆಚೆ ಬದಿ, ಗೋಡೆಗೆ ಬೆನ್ನು.

ಚಿಕ್ಕವಳನ್ನು ಎಲ್ಲರೂ ಚೂಟಿ ಎಂದು ಕರೆಯುತ್ತಿದ್ದರು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವಳಿಗೆ ಶಾಲೆಗೆ ಹೋಗುವ ವಯಸ್ಸಾದಾಗ ಮನೆಯಲ್ಲಿ ಜಗಳವೇನೂ ಆಗಿರಲಿಲ್ಲ. ದೊಡ್ಡವಳು ಆಗಲೇ ಹೋಗುತ್ತಿದ್ದಳು. ಇಬ್ಬರೂ ಹೋದರೆ ಹಲಗೆಯ ಆಚೆ ಕೂರುವವರು ಯಾರು? ಆ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಉತ್ತರವನ್ನೂ ಯಾರೂ ಹೇಳಲಿಲ್ಲ. ಚೂಟಿ ಕೂತಳು, ಅಷ್ಟೇ.

ದೊಡ್ಡವಳಿಗೆ ಓದುವುದಕ್ಕೆ ಬೇರೆ ಹೊತ್ತಿರಲಿಲ್ಲ. ಹೊಲಿಯುತ್ತಲೇ ಓದಬೇಕು. ಪುಸ್ತಕವನ್ನು ಹಲಗೆಯ ತುದಿಯಲ್ಲಿ ತೆರೆದಿಟ್ಟು, ಗಾಳಿಗೆ ಹಾಳೆ ಹಾರದಂತೆ ಕಲ್ಲೊಂದನ್ನು ಹೇರಿ, ದಬ್ಬಣ ಎಳೆಯುವ ಲಯದಲ್ಲೇ ಗಟ್ಟಿಯಾಗಿ ಓದುತ್ತಿದ್ದಳು. ಒಂದು ಸಾಲಿಗೆ ಒಂದು ಹೊಲಿಗೆ. ಚೂಟಿ ಆಚೆ ಕಡೆಯಿಂದ ಪುಸ್ತಕವನ್ನೂ ನೋಡುತ್ತಿದ್ದಳು, ಅಕ್ಕನ ತುಟಿಯನ್ನೂ ನೋಡುತ್ತಿದ್ದಳು. ಅವಳು ಏನು ನೋಡುತ್ತಿದ್ದಾಳೆ ಎಂದು ವಿಚಾರಿಸುವ ಪುರುಸೊತ್ತು ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಊರಿನ ಶಾಲೆಗೆ ಹೊಸದಾಗಿ ಬಂದಿದ್ದ ಟೀಚರ್, ಶಾಲೆಗೆ ಸೇರದ ಮಕ್ಕಳನ್ನು ಹುಡುಕಿಕೊಂಡು ಸಾಲುಮನೆಯ ಕಡೆ ಬಂದದ್ದು ರಜೆಯ ಕೊನೆಯ ವಾರದಲ್ಲಿ. ಚಪ್ಪಲಿಯ ತುಂಬ ಧೂಳು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಾಗಿಲ ಹೊರಗೆ ನಿಂತಿದ್ದರು. ಒಳಗೆ ದೊಡ್ಡವಳು ಗಡಿಬಿಡಿಯಲ್ಲಿ ಓದುತ್ತಿದ್ದಳು. ತಲೆ ಎತ್ತದೆಯೇ ಚೂಟಿ ಹೇಳಿದಳು:

"ಅಕ್ಕಾ, ಒಂದು ಸಾಲು ನುಂಗಿಬಿಟ್ಟೆ ನೋಡು."

"ಎಲ್ಲಿ ನುಂಗಿದೆ?"

ಚೂಟಿ ನುಂಗಿದ ಸಾಲನ್ನು ಓದಿ ಹೇಳಿದಳು. ತಡವರಿಸಲಿಲ್ಲ. ದೊಡ್ಡವಳು ನೋಡಿದರೆ ಸಾಲು ಅಲ್ಲಿಯೇ ಇತ್ತು.

ಟೀಚರ್ ಬಾಗಿ ಒಳಗೆ ಇಣುಕಿದರು. "ಈ ಹುಡುಗಿ ಯಾವ ಶಾಲೆಗೆ ಹೋಗ್ತಾಳೆ?"

ತಾಯಿ ಒಲೆಯ ಹತ್ತಿರದಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ಅವಳಾ? ಅವಳು ಎಲ್ಲಿಗೂ ಹೋಗಲ್ಲ ಟೀಚರ್."

"ಮತ್ತೆ ಓದಿದಳಲ್ಲ?"

"ಓದಿದಳಾ?" ತಾಯಿ ಹಿಂತಿರುಗಿ ಮಗಳನ್ನು ಹೊಸದಾಗಿ ಕಾಣುವವಳಂತೆ ನೋಡಿದಳು. ಅಕ್ಕ ಹೇಳಿದ್ದನ್ನೇ ಇವಳೂ ಗಿಣಿಯ ಹಾಗೆ ಹೇಳುತ್ತಾಳೆ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು.

ಹೊರಗೆ ಬೆಳಕು ಕಡಿಮೆಯಾಗುತ್ತಿತ್ತು. ಟೀಚರ್‌ಗೆ ಇನ್ನೂ ಬೇರೆ ಮನೆಗಳಿದ್ದವು. ನಿಂತಲ್ಲೇ ಹೇಳಿದರು: "ನೋಡಿಮ್ಮಾ, ಓದೋಕೆ ಬರೋ ಮಕ್ಕಳನ್ನ ವಯಸ್ಸಿಗೆ ತಕ್ಕ ಕ್ಲಾಸಲ್ಲೇ ಕೂರಿಸ್ತೀವಿ. ಇವಳು ಐದನೇದರಲ್ಲಿ ಕೂರಬಹುದು. ಓದೋಕೆ ಬರದಿದ್ರೆ ಮಾತ್ರ ಒಂದನೇದರಿಂದ ಶುರು ಮಾಡ್ಬೇಕು. ಸೋಮವಾರ ಶಾಲೆ ತೆಗೀತೀವಿ. ಕರ್ಕೊಂಡು ಬನ್ನಿ. ನನ್ನ ಮುಂದೆ ಒಂದು ಪುಟ ಓದಲಿ, ಸಾಕು." ಚೀಲದಿಂದ ಐದನೇ ತರಗತಿಯ ಹೊಸ ಪುಸ್ತಕವೊಂದನ್ನು ತೆಗೆದು ಕೊಟ್ಟು ಹೋದರು.

ಆ ಕ್ಷಣದಿಂದ ತಾಯಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಗಂಡ ಬರುವವರೆಗೆ ಬಾಗಿಲಿಗೂ ಒಲೆಗೂ ಓಡಾಡಿದಳು. ಅನ್ನ ತಳ ಹಿಡಿಯಿತು.

ಗಂಡನನ್ನು ಉಗ್ರಾಣದಲ್ಲಿ ತಾತ ಎನ್ನುತ್ತಿದ್ದರು. ಅವನಿಗೆ ಇನ್ನೂ ತಲೆ ನೆರೆತಿರಲಿಲ್ಲ. ಎರಡು ಚೀಲ ಒಟ್ಟಿಗೆ ಹೊರುವ ಬೆನ್ನು. ತಾತ ಎಂಬ ಹೆಸರು ಶಾಲೆಯಲ್ಲಿ ಬಂದದ್ದು. ಮೀಸೆ ಚಿಗುರುವ ವಯಸ್ಸಿನಲ್ಲಿ ಯಾರೋ ಬುದ್ಧಿ ಹೇಳಿದರೆಂದು ಅಪ್ಪ ಅವನನ್ನು ಒಯ್ದು ಶಾಲೆಗೆ ಬಿಟ್ಟಿದ್ದ. ಮೇಷ್ಟ್ರು ಅವನನ್ನು ಒಂದನೇ ತರಗತಿಯ ಮಕ್ಕಳ ನಡುವೆ ಕೂರಿಸಿದ್ದರು. ಹಲ್ಲು ಬಿದ್ದ ಮಕ್ಕಳೆಲ್ಲ ಸೇರಿ ತಾತಾ, ತಾತಾ ಎಂದು ಅವನ ಮೈಮೇಲೆ ಹತ್ತಿ ಇಳಿದವು. ಒಂದು ವಾರ ತಡೆದುಕೊಂಡ. ಆಮೇಲೆ ಉಗ್ರಾಣಕ್ಕೆ ಹೋಗಿ ಚೀಲ ಹೊತ್ತ. ಅವನು ಶಾಲೆ ಬಿಟ್ಟರೂ ಹೆಸರು ಅವನನ್ನು ಬಿಡಲಿಲ್ಲ. ಈಗ ಅವನ ಸ್ವಂತ ಹೆಂಡತಿಯೂ ಬೇರೆಯವರ ಹತ್ತಿರ ಅವನ ಸುದ್ದಿ ಹೇಳುವಾಗ ಹಾಗೇ ಹೇಳಬೇಕಿತ್ತು, ಇಲ್ಲದಿದ್ದರೆ ಯಾರೆಂದು ತಿಳಿಯುತ್ತಿರಲಿಲ್ಲ.

ಹೆಂಡತಿ ಹೇಳಿದ್ದನ್ನೆಲ್ಲ ಅವನು ಊಟ ಮುಗಿಯುವವರೆಗೆ ಸುಮ್ಮನೆ ಕೇಳಿದ.

"ಐದನೇ ಕ್ಲಾಸಾದ್ರೆ ಹೋಗ್ಲಿ," ಎಂದ ಕೈ ತೊಳೆಯುತ್ತ. "ಚಿಳ್ಳೆಪಿಳ್ಳೆಗಳ ಜೊತೆ ಕೂರಿಸ್ತೀವಿ ಅಂದ್ರೆ ಬೇಡ. ಅದು ಓದಲ್ಲ, ಮಾನ ಕಳೆಯೋದು. ಹಲಗೆ ಮುಂದೆ ಇದ್ರೆ ಯಾರೂ ನಗೋದಾದ್ರೂ ಇಲ್ಲ."

"ಐದನೇದೇ ಅಂದ್ರಲ್ಲ ಟೀಚರು."

"ಓದಿದ್ರೆ ಅಂದಿದಾರೆ. ಎಲ್ಲಿ, ಓದೇ. ನಾನೂ ಕೇಳ್ತೀನಿ."

ಹೊಸ ಪುಸ್ತಕ ಚೂಟಿಯ ಕೈಗೆ ಬಂತು. ಅವಳು ಅದನ್ನು ಅತ್ತ ತಿರುಗಿಸಿ, ಇತ್ತ ತಿರುಗಿಸಿ, ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು ಓದತೊಡಗಿದಳು. ಒಂದು ಊರಿಗೆ ಮೊದಲ ಸಲ ಬಸ್ಸು ಬಂದ ಪಾಠ. ಎಂದೂ ಕಾಣದ ಪುಸ್ತಕ, ಆದರೂ ಧ್ವನಿ ಎಲ್ಲೂ ಎಡವಲಿಲ್ಲ. ತಾಯಿ ಎತ್ತಿಕೊಂಡಿದ್ದ ತಟ್ಟೆ ಬಿಟ್ಟು ಹತ್ತಿರ ಬಂದಳು. ತಾತನೂ ಹಿಂದಿನಿಂದ ಮಗಳ ಭುಜದ ಮೇಲೆ ತುಸು ಬಾಗಿದ. ಬಾಗಿದವನು ಹಾಗೇ ಹುಬ್ಬು ಗಂಟಿಕ್ಕಿದ.

"ಏನೇ ಇದು? ಬಸ್ಸು ಪಲ್ಟಿ ಹೊಡೆದಿದೆಯಲ್ಲೇ!"

ಚಿತ್ರದ ಬಸ್ಸು ಚಕ್ರಗಳನ್ನು ಆಕಾಶಕ್ಕೆ ಎತ್ತಿ ಮಲಗಿತ್ತು. ಅದರ ಕಿಟಕಿಗಳಲ್ಲಿ ಜನರೆಲ್ಲ ತಲೆಕೆಳಗಾಗಿ ನಗುತ್ತಿದ್ದರು. ದೊಡ್ಡವಳು ಓಡಿ ಬಂದು ನೋಡಿದಳು. ಮೊದಲು ನಕ್ಕಳು. ಆಮೇಲೆ ಪುಸ್ತಕವನ್ನು ನೆಟ್ಟಗೆ ಮಾಡಿ ತಂಗಿಯ ತೊಡೆಯ ಮೇಲಿಟ್ಟಳು.

"ಈಗ ಓದು."

ಚೂಟಿ ನೋಡಿದಳು. ಬಾಯಿ ತೆರೆದಳು. ಮುಚ್ಚಿದಳು.

"ಇದು ಬರಲ್ಲ."

"ಅದೇ ಪುಟ ಕಣೇ!"

"ಅದೇ ಪುಟ ಅಲ್ಲ. ಇದು ತಲೆಕೆಳಗು."

ದೊಡ್ಡವಳ ನಗು ನಿಂತಿತು. ಅವಳು ಹಲಗೆಯ ಕಡೆ ನೋಡಿದಳು, ತಾನು ಕೂರುವ ಈಚೆ ಬದಿಯನ್ನು, ತಂಗಿ ಕೂರುವ ಆಚೆ ಬದಿಯನ್ನು. ನಂತರ ಹೇಳಿದಳು, "ಅಮ್ಮಾ, ಇವಳು ಕಲಿತದ್ದೇ ಹಾಗೆ. ಪುಸ್ತಕ ನನ್ನ ಕಡೆ ಮುಖ ಮಾಡಿರುತ್ತಿತ್ತು. ಇವಳು ಆ ಕಡೆ. ಇವಳಿಗೆ ಪುಟದ ಮೊದಲನೇ ಸಾಲು ಕೆಳಗಿರುತ್ತೆ. ಬಲಗಡೆಯಿಂದ ಓದ್ಕೊಂಡು ಹೋಗ್ತಾಳೆ."

"ಹಂಗಾದ್ರೆ ತಿರುಗಿಸ್ಕೊಂಡು ಓದ್ಲಿ ಬಿಡು," ಎಂದಳು ತಾಯಿ. "ಓದೋದು ಬಂತಲ್ಲ."

"ಶಾಲೇಲಿ ಎಲ್ಲರ ಮುಂದೆ ಪುಸ್ತಕ ತಲೆಕೆಳಗು ಹಿಡ್ಕೊಂಡು ಕೂರ್ತಾಳಾ? ಬೋರ್ಡನ್ನ ಹೆಂಗಮ್ಮಾ ತಿರುಗಿಸೋದು?"

ತಾಯಿ ಪುಸ್ತಕವನ್ನು ಕೈಗೆ ತೆಗೆದುಕೊಂಡಳು. ಚಿತ್ರವಿಲ್ಲದ ಪುಟ ತೆರೆದು ನೆಟ್ಟಗೆ ಹಿಡಿದಳು, ತಿರುಗಿಸಿ ಹಿಡಿದಳು. ಎರಡೂ ಅವಳಿಗೆ ಒಂದೇ ಆಗಿ ಕಂಡವು. ಯಾವುದು ನೆಟ್ಟಗಿದೆ, ಯಾವುದು ಬಿದ್ದಿದೆ ಎಂದು ಕೇಳಲು ನಾಚಿಕೆಯಾಗಿ ಮಡಚಿಟ್ಟಳು.

"ಸೋಮವಾರದೊಳಗೆ ತಿರುಗಿಸ್ತೀನಿ," ಎಂದಳು ದೊಡ್ಡವಳು.

ತಾತ ಚಾಪೆ ಬಿಚ್ಚಿಕೊಂಡ. ಅವನು ಹೇಳಬೇಕಾದ್ದನ್ನು ಆಗಲೇ ಹೇಳಿಯಾಗಿತ್ತು.

ಮರುದಿನದಿಂದ ಶುರುವಾಯಿತು ತಿರುಗಿಸುವ ಕೆಲಸ. ದೊಡ್ಡವಳು ತಂಗಿಯನ್ನು ಆಚೆ ಬದಿಯಿಂದ ಎಬ್ಬಿಸಿ ತನ್ನ ಪಕ್ಕಕ್ಕೆ ಕೂರಿಸಿಕೊಂಡಳು. ಇಬ್ಬರ ಮೊಣಕೈಗಳೂ ಒಂದಕ್ಕೊಂದು ತಾಗುತ್ತಿದ್ದವು. ಆಚೆ ಬದಿಯಲ್ಲಿ ಎಳೆಯುವವರು ಯಾರೂ ಇಲ್ಲ. ಚೀಲ ಜೋತು ಬೀಳುತ್ತಿತ್ತು. ದೊಡ್ಡವಳು ಒಂದು ಅಕ್ಷರದ ಮೇಲೆ ಬೆರಳಿಟ್ಟು ಕೇಳುವಳು. ಚೂಟಿ ಕತ್ತನ್ನು ಭುಜಕ್ಕೆ ತಾಗುವಷ್ಟು ವಾಲಿಸಿ ನೋಡಿ ಹೇಳುವಳು. ಕತ್ತು ನೆಟ್ಟಗಿಡು ಎಂದರೆ ಉತ್ತರ ಬರದು.

ತಾಯಿಗೆ ಅವರ ಕಡೆ ಕಿವಿ ಕೊಡುವುದು ಬಿಟ್ಟರೆ ಬೇರೆ ಧ್ಯಾನವಿಲ್ಲ. ಒಲೆಯ ಮುಂದೆ ಕೂತರೂ ಎದ್ದು ಬರುತ್ತಿದ್ದಳು.

"ಬಂತಾ?"

"ಇಲ್ಲಮ್ಮ."

"ಸ್ವಲ್ಪಾನಾದ್ರೂ?"

"ಅಮ್ಮಾ, ನೀನು ಹೋಗು. ನೀನು ಬಂದ್ರೆ ಇವಳಿಗೆ ಬಂದಿದ್ದೂ ಹೋಗುತ್ತೆ."

ಹೋಗುವಳು. ನೀರು ತುಂಬಲು ಕೊಡ ಎತ್ತಿಕೊಂಡು ಅರ್ಧದಾರಿಯಿಂದ ಮರಳಿ ಬರುವಳು. ಬಾಗಿಲಲ್ಲಿ ನಿಂತು ಇಣುಕುವಳು. ಅವಳ ಗಂಡನ ತಂಗಿ ಪಕ್ಕದ ಮನೆಯವಳು. ಅವಳಿಗೆ ಇದೆಲ್ಲ ತಮಾಷೆ.

"ಏನತ್ತಿಗೆ, ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಾ? ಓದೋದು ಮಗಳೋ ನೀನೋ?"

"ನಿನಗೇನು ಗೊತ್ತಾಗುತ್ತೆ, ಸುಮ್ನಿರೇ."

"ಒಂದು ಕೆಲಸ ಮಾಡು. ಮಗಳನ್ನ ಕಾಲು ಮೇಲೆ ಮಾಡಿ ನೇತು ಹಾಕು. ಎಲ್ಲಾ ಸರಿಹೋಗುತ್ತೆ."

ತಾಯಿಗೆ ನಗು ಬಂತು. ನಕ್ಕ ಮೇಲೆ ಸಿಟ್ಟು ಬಂತು. ಕೊಡವನ್ನು ದಡಕ್ಕನೆ ಕುಕ್ಕಿ ಒಳಗೆ ಹೋದಳು.

ಶನಿವಾರ ಉಗ್ರಾಣದಿಂದ ಚೀಲಗಳು ವಾಪಸು ಬಂದವು. ಅಲ್ಲಿಯ ಮೇಸ್ತ್ರಿ ತಾನೇ ಬಂದು ಬಾಗಿಲ ಮುಂದೆ ಎಸೆದ.

"ಏನಮ್ಮಾ ಇದು, ತೇಪೇನಾ ಮುದುಕಿ ಮುಖಾನಾ? ನಿನ್ನ ಕೈಯಿಂದ ಇಂಥಾ ಕೆಲಸ ಬಂದಿರಲಿಲ್ಲ ಯಾವತ್ತೂ."

"ಬಿಚ್ಚಿ ಹೊಲಿದು ಕೊಡ್ತೀನಿ ಮೇಸ್ತ್ರಿ. ಮಕ್ಕಳು ಸ್ವಲ್ಪ ಓದ್ತಾ ಇದ್ರು."

"ಓದ್ಕೊಂಡು ಹೊಲಿದ್ರೆ ಹಿಂಗೇ ಆಗೋದು. ಒಂದೋ ಓದ್ಲಿ, ಇಲ್ಲಾ ಹೊಲೀಲಿ."

ಅವಳು ಚೀಲಗಳನ್ನು ಬಾಚಿ ಎಳೆದುಕೊಂಡಳು. ಮೇಸ್ತ್ರಿ ಹೋದ ಮೇಲೆ ದಬ್ಬಣ ಹಿಡಿದು ಮುದುರಿದ ಹೊಲಿಗೆಗಳನ್ನು ಕಿತ್ತಳು. ಕೀಳುವಾಗ ಬೆರಳಿಗೆ ಚುಚ್ಚಿಕೊಂಡಳು. ಚೂಟಿ ಅಕ್ಕನ ಪಕ್ಕದಿಂದ ಎದ್ದು, ಯಾರೂ ಹೇಳದೆಯೇ, ತನ್ನ ಹಳೆಯ ಜಾಗಕ್ಕೆ ಹೋಗಿ ಚೀಲದ ಅಂಚನ್ನು ಎಳೆದು ಹಿಡಿದಳು. ತೇಪೆ ನೆಟ್ಟಗೆ ಕೂತಿತು. ತಾಯಿಗೆ ಸಮಾಧಾನವಾಗಬೇಕಿತ್ತು. ಅವಳು ಮಗಳ ಮುಖ ನೋಡದೆ ಮುಂದಿನ ಚೀಲ ಎಳೆದುಕೊಂಡಳು.

ಭಾನುವಾರ ಸಂಜೆಯ ಹೊತ್ತಿಗೆ ಇನ್ನೊಂದು ಕಷ್ಟ ಶುರುವಾಯಿತು. ನೆಟ್ಟಗೆ ಓದಲು ಬರಲಿಲ್ಲ ಎಂಬುದಿರಲಿ, ತಲೆಕೆಳಗಾಗಿ ಓದುವುದೂ ಎಡವತೊಡಗಿತು. ಎರಡೂ ಕಡೆಯ ಅಕ್ಷರಗಳು ಚೂಟಿಯ ತಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಸರಾಗವಾಗಿ ಹೇಳುತ್ತಿದ್ದ ಸಾಲಿನ ನಡುವೆ ಬಾಯಿ ಕಟ್ಟುತ್ತಿತ್ತು.

"ಗಮನ ಇಟ್ಟು ನೋಡೇ," ಎಂದಳು ದೊಡ್ಡವಳು. "ತಲೆಕೆಳಗಾಗಿರೋದನ್ನ ಮರೆತುಬಿಡು."

ಚೂಟಿ ಪುಸ್ತಕವನ್ನು ಗೋಡೆಗೆ ಎಸೆದಳು. "ತಲೆಕೆಳಗು, ತಲೆಕೆಳಗು! ನನ್ನ ಕಡೆಯಿಂದ ಅದೇ ನೆಟ್ಟಗೆ. ನೀವೇ ಆ ಕಡೆ ತಲೆಕೆಳಗಾಗಿ ಕೂತಿರೋದು!"

ದೊಡ್ಡವಳು ಕೈ ಎತ್ತಿದಳು, ಹೊಡೆಯಲಿಲ್ಲ. ಪುಸ್ತಕ ಎತ್ತಿಕೊಂಡು ಧೂಳು ಒರೆಸಿದಳು. ಸ್ವಲ್ಪ ಹೊತ್ತಿನ ನಂತರ ಇಬ್ಬರೂ ಅಳುತ್ತಿದ್ದರು. ತಾಯಿ ಯಾರನ್ನು ಸಮಾಧಾನ ಮಾಡಬೇಕೆಂದು ತಿಳಿಯದೆ ಹೊರಗೆ ಹೋಗಿ ಅಂಗಳ ಗುಡಿಸಿದಳು. ಬೆಳಿಗ್ಗೆಯಷ್ಟೇ ಗುಡಿಸಿದ್ದ ಅಂಗಳ. ಗುಡಿಸಲು ಏನೂ ಇರಲಿಲ್ಲ.

ಸೋಮವಾರ ತಾತನೂ ಜೊತೆಗೆ ಹೊರಟ. ಉಗ್ರಾಣಕ್ಕೆ ತಡವಾಗಿ ಬರುತ್ತೇನೆಂದು ಹೇಳಿ ಬಂದಿದ್ದ. ಒಗೆದ ಅಂಗಿ ಹಾಕಿದ್ದ. ದೊಡ್ಡವಳು ತನ್ನ ಶಾಲೆಗೆ ಹೋಗಬೇಕಾದ್ದರಿಂದ ದಾರಿಯ ತಿರುವಿನಲ್ಲಿ ನಿಂತು, ತಂಗಿಯ ಕಿವಿಯಲ್ಲಿ ಏನೋ ಹೇಳಿ, ಹಿಂತಿರುಗಿ ಹಿಂತಿರುಗಿ ನೋಡುತ್ತ ಹೋದಳು. ದಾರಿಯುದ್ದಕ್ಕೂ ತಾಯಿ ಮಗಳ ಕೂದಲು ಸರಿಮಾಡುತ್ತಿದ್ದಳು. ಸರಿಯಿದ್ದ ಕೂದಲು ಅವಳ ಕೈಯಿಂದಲೇ ಕೆದರಿತು.

"ಬಿಡಮ್ಮಾ," ಎಂದಳು ಚೂಟಿ. "ಓದೋದು ಕೂದಲಿನಿಂದಲ್ಲ."

ಶಾಲೆಯೆಂದರೆ ಎರಡು ಕೋಣೆ, ಮುಂದೆ ಒಂದು ಪಡಸಾಲೆ. ಒಂದು ಕೋಣೆಯಲ್ಲಿ ಚಿಕ್ಕ ತರಗತಿಗಳು, ಇನ್ನೊಂದರಲ್ಲಿ ದೊಡ್ಡವು. ಚಿಕ್ಕವರನ್ನು ವಯಸ್ಸಾದ ಮೇಷ್ಟ್ರೊಬ್ಬರು ನೋಡಿಕೊಳ್ಳುತ್ತಿದ್ದರು. ಟೀಚರ್ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಕೂತಿದ್ದರು. ನಗುತ್ತ ಚೂಟಿಯನ್ನು ಎದುರಿಗೆ ನಿಲ್ಲಿಸಿಕೊಂಡು, ಪುಸ್ತಕ ತೆರೆದು, ಅವಳಿಗೆ ನೆಟ್ಟಗೆ ಕಾಣುವಂತೆ ತಿರುಗಿಸಿ ಇಟ್ಟರು.

"ಓದಮ್ಮ."

ಚೂಟಿಯ ತುಟಿ ಅಲುಗಿತು. ಮೊದಲ ಅಕ್ಷರ ಬಂತು, ಎರಡನೆಯದು ಬಂತು. ಅಲ್ಲಿಗೇ ನಿಂತಿತು. ಅವಳ ಕತ್ತು ತಾನಾಗಿಯೇ ಭುಜದ ಕಡೆ ವಾಲತೊಡಗಿತು. ನೆಟ್ಟಗೆ ಮಾಡಿಕೊಂಡಳು. ಮತ್ತೆ ವಾಲಿತು.

"ಹೆದರಬೇಡ. ಅವತ್ತು ಎಷ್ಟು ಚೆನ್ನಾಗಿ ಓದಿದೆ."

ತಾತ ಕಂಬದ ಹತ್ತಿರ ನಿಂತು ನೆಲ ನೋಡುತ್ತಿದ್ದ. ತಾಯಿಗೆ ತಡೆಯಲಾಗಲಿಲ್ಲ.

"ಟೀಚರ್, ಪುಸ್ತಕ ತಿರುಗಿಸಿ ಕೊಡಿ."

"ಏನು?"

"ನೀವು ನಿಮ್ಮ ಕಡೆ ಮಾಡಿ ಇಟ್ಕೊಳ್ಳಿ. ಅವಳು ಆ ಕಡೆಯಿಂದ ಓದ್ತಾಳೆ."

ಟೀಚರ್‌ಗೆ ಅರ್ಥವಾಗಲಿಲ್ಲ. ಆದರೂ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಚೂಟಿ ಒಂದು ದೊಡ್ಡ ಉಸಿರು ಎಳೆದುಕೊಂಡು ಶುರು ಮಾಡಿದಳು. ನಿನ್ನೆಯ ಎಡವಟ್ಟು ಒಂದೆರಡು ಕಡೆ ಕಾಲು ಹಿಡಿದು ಎಳೆಯಿತು. ಆಮೇಲೆ ಧ್ವನಿ ತನ್ನ ದಾರಿಗೆ ಬಿತ್ತು. ಟೀಚರ್ ಬೆರಳಿಟ್ಟು ಸಾಲು ಸಾಲೇ ನೋಡಿಕೊಂಡರು. ಬೇರೆ ಪುಟ ತೆಗೆದರು. ಮೇಜಿನ ಮೇಲಿದ್ದ ದಿನಪತ್ರಿಕೆಯನ್ನು ಎಳೆದಿಟ್ಟರು. ಚೂಟಿ ಅದನ್ನೂ ಓದಿದಳು.

"ಬರೀತೀಯಾ?"

ಸ್ಲೇಟು ಕೊಟ್ಟರೆ, ಹಲಗೆಯ ಧೂಳಿನಲ್ಲಿ ಬೆರಳಿನಿಂದ ಗೀಚಿ ಕಲಿತಿದ್ದಂತೆಯೇ ಅವಳು ಕೆಳಗಿನ ಬಲ ಮೂಲೆಯಿಂದ ಎಡಕ್ಕೆ ಬರೆಯುತ್ತ ಹೋದಳು. ಟೀಚರ್ ಕೂತ ಕಡೆಯಿಂದ ಅದು ದುಂಡಗೆ, ನೆಟ್ಟಗೆ ಕಾಣುತ್ತಿತ್ತು.

ಟೀಚರ್ ಸ್ಲೇಟನ್ನು ಎತ್ತಿ ಅತ್ತಿತ್ತ ತಿರುಗಿಸಿ ನೋಡಿದರು. ಹಲಗೆಯ ವಿಷಯವನ್ನೆಲ್ಲ ತಾಯಿ ತೊದಲುತ್ತ ಹೇಳಿ ಮುಗಿಸಿದ ಮೇಲೆ ಅವರು ತಾತನ ಕಡೆ ತಿರುಗಿದರು. "ಎದುರಿಗೆ ಕೂತವರಿಗೆ ಕಾಣೋ ಹಾಗೆ ಬರೆಯೋ ಹುಡುಗೀನ ನಾನು ನೋಡಿದ್ದು ಇದೇ ಮೊದಲು. ನೋಡಿಪ್ಪಾ, ಇವಳಿಗೆ ಓದೋಕೆ ಬರುತ್ತೆ. ನಾನು ಮಾತು ಕೊಟ್ಟಿದ್ದೆ. ಐದನೇದರಲ್ಲೇ ಕೂರಿಸ್ತೀನಿ. ಬೋರ್ಡು ಸ್ವಲ್ಪ ದಿನ ಕಷ್ಟ ಆಗುತ್ತೆ, ನೋಡೋಣ."

ತಾತನ ಮುಖ ಬಿಚ್ಚಿಕೊಂಡಿತು. "ಕಷ್ಟ ಏನ್ ಬಿಡಿ ಟೀಚರ್, ಕೂತ್ರೆ ಬರುತ್ತೆ," ಎಂದ. ಅಂಗಿಯ ತೋಳು ಇಳಿಸಿಕೊಂಡ, ಕೆಲಸ ಮುಗಿಯಿತೆಂಬಂತೆ. ಆದರೆ ಹೋಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಕಿಟಕಿಯ ಹೊರಗೆ ನಿಂತರು.

ಚೂಟಿ ದೊಡ್ಡ ಮಕ್ಕಳ ನಡುವೆ, ಮೂರನೇ ಸಾಲಿನ ಬೆಂಚಿನಲ್ಲಿ ಕೂತಳು. ಅವಳ ವಯಸ್ಸಿನ ಹುಡುಗಿಯರು, ಅವಳ ಎತ್ತರದವರು. ಯಾರೂ ನಗಲಿಲ್ಲ. ಟೀಚರ್ ಬೋರ್ಡಿನ ಮೇಲೆ ಬರೆಯತೊಡಗಿದರು. ಸೀಮೆಸುಣ್ಣ ಸರಸರನೆ ಓಡಿತು. ಬೋರ್ಡು ತುಂಬಿತು. ಮಕ್ಕಳೆಲ್ಲ ಒಟ್ಟಾಗಿ ಓದಿದರು. ಒಂದು ಸಾಲು ಮುಗಿಯುವಷ್ಟರಲ್ಲಿ ಇನ್ನೊಂದಕ್ಕೆ ಹಾರುತ್ತಿದ್ದರು. ಚೂಟಿ ಒಂದು ಕಡೆ ಕತ್ತು ವಾಲಿಸಿದಳು. ಇನ್ನೊಂದು ಕಡೆ ವಾಲಿಸಿದಳು. ಕೊನೆಗೆ ಬೆಂಚಿನ ಮೇಲೆ ತಲೆ ಮಲಗಿಸಿ ಓರೆಯಾಗಿ ನೋಡಿದಳು. ಪಕ್ಕದ ಹುಡುಗಿ ಅವಳನ್ನು ತಿವಿದು, "ನಿದ್ದೆ ಬಂತಾ?" ಎಂದಳು. ಹಿಂದಿನ ಸಾಲಿನವರು ಕಿಸಕ್ಕೆಂದರು.

ಕಿಟಕಿಯ ಸರಳು ಹಿಡಿದಿದ್ದ ತಾಯಿಯ ಬೆರಳುಗಳು ಬಿಗಿದವು. "ಅವಳಿಗೆ ಕಾಣ್ತಾ ಇಲ್ಲ ಕಣ್ರೀ," ಎಂದಳು ಪಿಸುದನಿಯಲ್ಲಿ.

"ಕಾಣುತ್ತೆ. ಸುಮ್ನಿರು. ಮೊದಲನೇ ದಿನ ಎಲ್ಲರಿಗೂ ಹಂಗೇ."

ಟೀಚರ್ ಬರೆದದ್ದನ್ನು ಅಳಿಸಿ ಮತ್ತೆ ತುಂಬಿದರು. ಚೂಟಿ ಈಗ ಬೋರ್ಡಿನ ಕಡೆ ನೋಡುತ್ತಲೇ ಇರಲಿಲ್ಲ. ನಡುಗೋಡೆಯ ಕಡೆ ಕಿವಿ ಕೊಟ್ಟು ಕೂತಿದ್ದಳು. ಆಚೆ ಕೋಣೆಯಿಂದ ಮೇಷ್ಟ್ರ ನಿಧಾನದ ಧ್ವನಿ ಬರುತ್ತಿತ್ತು. ಒಂದು ಅಕ್ಷರ ಹೇಳುವರು, ನಿಲ್ಲಿಸುವರು, ಮಕ್ಕಳು ಹೇಳುವವರೆಗೆ ಕಾಯುವರು. ಮತ್ತೆ ಅದೇ ಅಕ್ಷರ.

ಚೂಟಿ ಎದ್ದಳು. ಟೀಚರ್ ಬೋರ್ಡಿನ ಕಡೆ ಮುಖ ಮಾಡಿದ್ದರು. ಅವಳು ಬೆಂಚುಗಳ ನಡುವಿನಿಂದ ಹೊರಗೆ ಬಂದು, ಪಡಸಾಲೆಯಲ್ಲಿ ಅಪ್ಪ ಅಮ್ಮನನ್ನು ದಾಟಿ, ಆಚೆ ಕೋಣೆಯೊಳಕ್ಕೆ ಹೋದಳು. ಅಲ್ಲಿ ಮೇಷ್ಟ್ರು ನೆಲದ ಮೇಲೆ ಆಳೆತ್ತರದ ಅಕ್ಷರವೊಂದನ್ನು ಬರೆದಿದ್ದರು. ಪುಟ್ಟ ಮಕ್ಕಳು ಅದರ ಗೆರೆಯ ಮೇಲೆ ಒಬ್ಬರ ಹಿಂದೊಬ್ಬರು ನಡೆಯುತ್ತಿದ್ದರು. ಚೂಟಿ ಅಕ್ಷರದ ಬುಡದಲ್ಲಿ ಬಂದು ನಿಂತಳು. ಮೇಷ್ಟ್ರು ನಿಂತಿದ್ದ ಕಡೆಗೇ, ಅವರ ಪಕ್ಕಕ್ಕೆ. ಅಕ್ಷರ ನೆಟ್ಟಗೆ ಕಾಣುವ ಆ ಬದಿಯಿಂದ ನೋಡಿದಳು. ಮೂಗು ಸೋರುತ್ತಿದ್ದ ಒಂದು ಮಗು ಅವಳ ಲಂಗ ಹಿಡಿದೆಳೆದು, "ಅಜ್ಜೀ, ನೀನೂ ಆಡ್ತೀಯಾ?" ಎಂದಿತು. ಕೋಣೆಯೆಲ್ಲ ಗೊಳ್ಳೆಂದಿತು.

ತಾತ ಬಾಗಿಲಿಗೆ ಬಂದಿದ್ದ. ಅವನ ಕಿವಿ ಕೆಂಪಾಗಿತ್ತು.

"ಎದ್ದು ಬಾ."

ಚೂಟಿ ಅಷ್ಟರಲ್ಲಿ ಮಕ್ಕಳ ನಡುವೆ ಕೂತುಬಿಟ್ಟಿದ್ದಳು. "ಬರಲ್ಲ."

"ಕೇಳಿಸಿತಾ ನಿನ್ನನ್ನ ಏನಂದ್ರು ಅಂತ?"

"ಕೇಳಿಸಿತು."

"ಮತ್ತೆ?"

"ಅಲ್ಲಿ ಎಲ್ಲಾ ಒಟ್ಟಿಗೆ ಓಡ್ತಾರಪ್ಪಾ. ಇಲ್ಲಿ ಒಂದೊಂದೇ ಬರೀತಾರೆ. ಒಂದೊಂದೇ ಆದ್ರೆ ನಾನು ತಿರುಗಿಸ್ಕೊಳ್ತೀನಿ. ಎಲ್ಲಾ ತಿರುಗಿದ ಮೇಲೆ ಅಲ್ಲಿಗೆ ಹೋಗ್ತೀನಿ."

ಟೀಚರ್ ಅವಸರದಿಂದ ಬಂದರು. ತಾತ ಹೆಂಡತಿಯ ಕಡೆ ತಿರುಗಿದ. ಅವನ ಧ್ವನಿ ದೊಡ್ಡದಿರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

"ನಾನು ಹೇಳಿದ್ದೇನು?"

ಇಷ್ಟು ವರ್ಷ ಅವನು ಹೀಗೆ ಕೇಳಿದಾಗಲೆಲ್ಲ ಅವಳು ತಲೆ ತಗ್ಗಿಸಿ, ಆಯಿತು ಎನ್ನುತ್ತಿದ್ದಳು. ಈಗಲೂ ತಲೆ ತಗ್ಗಿಸಿಯೇ ಮಾತಾಡಿದಳು.

"ನೀವು ಹೇಳಿದ್ದು ಸರಿಯೇ. ನಿಮ್ಮನ್ನ ಆಗಿನ ಮೇಷ್ಟ್ರು ತಂದು ಕೂರಿಸಿದ್ರು. ನೀವಾಗೇ ಕೂತಿರಲಿಲ್ಲ. ಇವಳನ್ನ ಯಾರೂ ಕೂರಿಸಲಿಲ್ಲ. ತಾನಾಗೇ ಬಂದು ಕೂತಿದಾಳೆ."

"ಎರಡೂ ಒಂದೇ. ನಾಳೆಯಿಂದ ಊರೆಲ್ಲ ಅಜ್ಜಿ ಅಂತಾರೆ ಅವಳನ್ನ."

"ಅನ್ಲಿ. ಅವಳ ಬಾಯಿ ನಿಮಗೆ ಗೊತ್ತಿಲ್ವಾ? ತಿರುಗಿ ಅಂತಾಳೆ."

"ಹಲಗೆ?"

ಅವಳು ಟೀಚರ್‌ನ ಮುಖ ನೋಡಿದಳು, ಮೇಷ್ಟ್ರ ಮುಖ ನೋಡಿದಳು. ನಂತರ ಹೇಳಿದಳು, "ಹಲಗೆ ನಾನು ನೋಡ್ಕೊಳ್ತೀನಿ. ನೀವು ಉಗ್ರಾಣಕ್ಕೆ ಹೊರಡಿ, ಹೊತ್ತಾಯ್ತು."

ತಾತ ಒಗೆದ ಅಂಗಿಯ ಗುಂಡಿ ಬಿಚ್ಚುತ್ತ ಅಂಗಳ ದಾಟಿ ಹೋದ.

ಅವಳು ಮನೆಗೆ ಬಂದು ಹಲಗೆಯ ಮುಂದೆ ಕೂತಳು. ಆಚೆ ಬದಿಯಲ್ಲಿ ಗೋಡೆಯಷ್ಟೇ ಇತ್ತು. ಚೀಲದ ಅಂಚನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ನೋಡಿದಳು. ಕಾಲು ನಡುಗಿತು, ತೇಪೆ ಓರೆಯಾಯಿತು. ಕಲ್ಲು ಹೇರಿ ನೋಡಿದಳು. ಕಲ್ಲು ಜಾರಿತು. ಪ್ರತಿ ಹೊಲಿಗೆಗೂ ಎದ್ದು ಬಾಗಿಲಿಗೆ ಹೋಗುತ್ತಿದ್ದಳು. ಬಾಗಿಲಿನಿಂದ ಶಾಲೆ ಕಾಣುತ್ತಿರಲಿಲ್ಲ, ಶಾಲೆಯ ಕಡೆಯ ದಾರಿ ಮಾತ್ರ ಕಾಣುತ್ತಿತ್ತು. ಉಗ್ರಾಣದಿಂದ ಮನೆಗೆ ಬರುವವರು ಆ ದಾರಿಯಲ್ಲಿ ಬರಬೇಕಾಗಿಲ್ಲ, ಅದು ಸುತ್ತು. ಆದರೆ ಮಧ್ಯಾಹ್ನಕ್ಕೆ ಮುಂಚೆ ಗಂಡ ಹರಿದ ಚೀಲಗಳ ಹೊರೆ ಹೊತ್ತು ಬಂದದ್ದು ಆ ದಾರಿಯಲ್ಲೇ. ಅವಳು ಕಣ್ಣಿನ ಮೇಲೆ ಕೈ ಇಟ್ಟು ನೋಡಿದಳು. ಹೊರೆಯ ಪಕ್ಕದಲ್ಲಿ ಯಾರಾದರೂ ನಡೆದು ಬರುತ್ತಿದ್ದಾರೆಯೇ ಎಂದು ನೋಡಿದಳು.

ಅವನೊಬ್ಬನೇ.

ಹೊರೆಯನ್ನು ಒಳಗೆ ಇಳಿಸಿ ಅವನು ಕತ್ತು ತಿರುಗಿಸಿಕೊಂಡ.

"ನೀರು ಕೊಡು."

ಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ತಡೆಯಲು ಅವಳಿಂದಾಗಲಿಲ್ಲ.

"ಏನಾಯ್ತು?"

"ಏನಾಗುತ್ತೆ? ಇನ್ನೂ ಅಲ್ಲೇ ಕೂತಿದಾಳೆ. ಆ ಮೂಗು ಸೋರೋ ಮಗೂನ ತೊಡೆ ಮೇಲೆ ಹಾಕ್ಕೊಂಡು ಬರೀತಾ ಇದಾಳೆ."

"ನೆಟ್ಟಗೆ ಬರೀತಿದ್ಲಾ?"

"ನನ್ನನ್ನ ಕೇಳ್ತೀಯಲ್ಲ," ಎಂದ ಅವನು ಚೊಂಬು ಕೆಳಗಿಡುತ್ತ. "ನಂಗೇನು ಗೊತ್ತಾಗುತ್ತೆ? ಕತ್ತು ಮಾತ್ರ ವಾಲಿತ್ತು."

"ನಾಳೆ?"

"ನಾಳೆದು ನಾಳೆ ನೋಡೋಣ. ಮೇಸ್ತ್ರಿ ಸಂಜೆಯೊಳಗೆ ಇವಿಷ್ಟೂ ಬೇಕು ಅಂದಿದಾನೆ."

ಅವನು ಹೋದ. ಹೊಸ ಹೊರೆಯನ್ನು ಬಿಚ್ಚಿ ಅವಳು ಮೇಲಿನ ಚೀಲ ಎತ್ತಿಕೊಂಡಳು. ಅತ್ತ ಇತ್ತ ನೋಡಿ, ಕೊನೆಗೆ ಅದರ ಒಂದು ಅಂಚಿಗೆ ಸುತಳಿ ಪೋಣಿಸಿ ಬಾಗಿಲ ಕಂಬಕ್ಕೆ ಕಟ್ಟಿದಳು. ಇನ್ನೊಂದು ಅಂಚನ್ನು ಮೊಣಕಾಲಿನ ಕೆಳಗೆ ಸಿಕ್ಕಿಸಿ ಹಿಂದಕ್ಕೆ ವಾಲಿ ಎಳೆದಳು. ಬಿಗಿ ಸಾಲಲಿಲ್ಲ. ಎದ್ದು ಹೋಗಿ ಗಂಟು ಬಿಚ್ಚಿ ಮತ್ತೆ ಕಟ್ಟಿದಳು, ಈ ಸಲ ಸ್ವಲ್ಪ ಮೇಲಕ್ಕೆ.